ಇಂಜಿನ್ನಿಗಾಗಿ ಕಾದ ಮಾರುತ

ನಮ್ಮ ಕಛೇರಿಯ ಮಿತ್ರರೊಬ್ಬರು ತಂದೆಯ ಕಾಲದ ಜೀಪಿಗೆ ಬೇರೆ ಇಂಜಿನ್ ಕೂರಿಸಲು ಹೊರಟಿದ್ದಾರೆ. ಇಂಜಿನ್, ಗೇರ್‌ಬಾಕ್ಸ್, ಬಿಗಿಯುವ ಮೌಂಟುಗಳು, ವೈರಿಂಗು ಎಲ್ಲವೂ ಒಂದಕ್ಕೊಂದು ಹೊಂದುವಂತೆ ಬರುವ ದುಬಾರಿ ಸೆಟ್ಟನ್ನೇ ಕೊಳ್ಳುವುದೋ, ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದೊಂದಾಗಿ ಹುಡುಕಿ ಕೂಡಿಸುವುದೋ ಎಂಬುದು ಅವರ ಚಿಂತೆ. ಬಿ.ಎಸ್ಸಿ. ಓದಿದವರೆಂಬ ಒಂದೇ ಕಾರಣಕ್ಕೆ ನಮ್ಮನ್ನೂ ಕೇಳಿದರು. ಜೀಪಿನ ವಿಷಯ ನಮಗೆ ತಿಳಿಯದು. ಆದರೆ ಇಂಥದೇ ಪ್ರಶ್ನೆ ಅರವತ್ತು ವರ್ಷಗಳಿಗೂ ಹಿಂದೆ ಬೆಂಗಳೂರಿನಲ್ಲಿ ಒಂದು ಯುದ್ಧವಿಮಾನದ ವಿಷಯದಲ್ಲಿ ಎದ್ದಿತ್ತು. ಆ ಕಥೆಯನ್ನು ಹೇಳಿದೆವು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೆ ನಿಂತಿರುವ ವಿಮಾನವನ್ನು ವಾಚಕರಲ್ಲಿ ಹಲವರು ಕಂಡಿರಬೇಕು. ಅದೇ ಎಚ್.ಎಫ್.-24, 'ಮಾರುತ'. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಫೋಕ್-ವುಲ್ಫ್ 190 ವಿಮಾನವನ್ನು ರೂಪಿಸಿದ ಜರ್ಮನಿಯ ಕುರ್ಟ್ ಟ್ಯಾಂಕ್ 1956 ರಲ್ಲಿ ತಮ್ಮ ಸಂಗಡಿಗರೊಂದಿಗೆ ಬೆಂಗಳೂರಿಗೆ ಬಂದು ನೆಲೆಸಿದರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ ಬೇಕೆಂಬುದು ನಮ್ಮ ವಾಯುಪಡೆಯ ಅಪೇಕ್ಷೆ. ಆಗಿನ್ನೂ ದೊಡ್ಡ ವಿಮಾನವನ್ನು ರೂಪಿಸಿದ ಅನುಭವ ನಮ್ಮವರಿಗೆ ಇರಲಿಲ್ಲ. ಆದರೂ 1959 ರಲ್ಲಿ ಅದೇ ಅಳತೆಯ ಮರದ ಗ್ಲೈಡರನ್ನು ಹಾರಿಸಿ ನೋಡಿಯಾಯಿತು. 1961 ರ ಜೂನ್ 17 ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ವಿಮಾನವನ್ನೇ ಮೇಲೇರಿಸಿದರು.

ದೇಹವೇನೋ ಸಿದ್ಧವಾಯಿತು, ಹೃದಯ ಸಿಗಲಿಲ್ಲ. ಮಾರುತವನ್ನು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಬ ಇಂಜಿನ್ನಿಗೆ ಅಳತೆ ಮಾಡಿಯೇ ರೂಪಿಸಿದ್ದರು. ಅಂಥ ಎರಡು ಇಂಜಿನ್ನುಗಳು ಬೇಕು. ಮರುದಹನದೊಡನೆ ಒಂದೊಂದರ ನೂಕುಬಲ 8,170 ಪೌಂಡು. ಮರುದಹನವೆಂದರೆ, ಇಂಜಿನ್ನಿನಿಂದ ಹೊರಬೀಳುವ ಬಿಸಿ ಗಾಳಿಯಲ್ಲಿ ಇನ್ನೂ ಉಳಿದಿರುವ ಆಮ್ಲಜನಕಕ್ಕೆ ಹಿಂಬದಿಯ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಸಿಂಪಡಿಸಿ ಉರಿಸುವುದು. ಆದರೆ ಆ ಇಂಜಿನ್ನನ್ನು ಬ್ರಿಟನ್ನಿನಲ್ಲೇ ಕೇಳುವವರಿಲ್ಲದಾಯಿತು. ಬೇಕಿದ್ದರೆ ಅದನ್ನು ಪೂರ್ತಿಗೊಳಿಸುವ ಖರ್ಚನ್ನು ನೀವೇ ಕೊಡಿ ಎಂದರು. ನಾವು ಕೊಡಲಿಲ್ಲ.

ಈ ತೀರ್ಮಾನವನ್ನು ಇಂದು ಹಳಿಯುವುದು ಸುಲಭ. ಆದರೆ ಸರ್ಕಾರಿ ಫೈಲುಗಳ ನಡುವೆ ಇಪ್ಪತ್ತು ವರ್ಷ ಕಳೆದ ನಮಗೆ ಆ ಟಿಪ್ಪಣಿ ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. 1957-58 ರಲ್ಲಿ ದೇಶದ ಬೊಕ್ಕಸದಲ್ಲಿದ್ದ ವಿದೇಶೀ ವಿನಿಮಯ ಕರಗಿಹೋಗಿತ್ತು. ಅದೇ ಆರ್ಫಿಯಸ್ ಕುಟುಂಬದ ಚಿಕ್ಕ ಇಂಜಿನ್ ನ್ಯಾಟ್ ವಿಮಾನಕ್ಕೆಂದು ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. ಮನೆಯಲ್ಲೇ ಸಾಮಾನಿರುವಾಗ ಪೇಟೆಯಲ್ಲಿ ಸಾಲ ಮಾಡುವುದೇಕೆ? ದರಗಳ ತುಲನಾ ಪಟ್ಟಿ ಮುಂದಿಟ್ಟರೆ ನಾವಾದರೂ ಅದಕ್ಕೇ ರುಜು ಹಾಕುತ್ತಿದ್ದೆವೋ ಏನೋ. ಆ ಪಟ್ಟಿಯಲ್ಲಿ ಕಳೆದುಹೋಗುವ ವರ್ಷಗಳಿಗೆ ಅಂಕಣವಿರುವುದಿಲ್ಲ.

ಕೊನೆಗೆ ಕೂರಿಸಿದ್ದು ಆರ್ಫಿಯಸ್-703. ಒಂದೊಂದರ ನೂಕುಬಲ 4,850 ಪೌಂಡು, ಮರುದಹನವಿಲ್ಲ. ಶಬ್ದದ ಎರಡರಷ್ಟು ವೇಗದ ಮಾತು ಹಾಗಿರಲಿ, ಒಂದರಷ್ಟನ್ನು ಮುಟ್ಟಲೇ ತಿಣುಕಬೇಕಾಯಿತು.

ಅನಂತರ ಹುಡುಕಾಟ ಶುರುವಾಯಿತು. ರಷ್ಯದ ಇಂಜಿನ್ನೊಂದನ್ನು ಪರಿಶೀಲಿಸಿ ಕೈಬಿಟ್ಟರು. ಆಸ್ಟ್ರಿಯದ ಫರ್ಡಿನಾಂಡ್ ಬ್ರಾಂಡ್ನರ್ ಈಜಿಪ್ಟಿನಲ್ಲಿ ಇ-300 ಎಂಬ ಇಂಜಿನ್ ಕಟ್ಟುತ್ತಿದ್ದರು. ಅವರಿಗೆ ವಿಮಾನ ಬೇಕು, ನಮಗೆ ಇಂಜಿನ್ ಬೇಕು. ಒಳ್ಳೆಯ ಜಾತಕವೇ ಕೂಡಿತು! ನಮ್ಮ ಮಾರುತವೊಂದು ಕೈರೋ ಬಳಿಯ ಹೆಲ್ವಾನಿಗೆ ಹೋಗಿ, ಒಂದು ಬದಿಗೆ ಆರ್ಫಿಯಸ್, ಇನ್ನೊಂದು ಬದಿಗೆ ಇ-300 ಹೊತ್ತು 1967 ರ ಮಾರ್ಚಿನಲ್ಲಿ ಹಾರಿತು. ಜೂನ್ ತಿಂಗಳಲ್ಲಿ ಅರಬ್-ಇಸ್ರೇಲ್ ಯುದ್ಧ. 1969 ರ ಹೊತ್ತಿಗೆ ಆ ಸಂಬಂಧವೂ ಮುರಿಯಿತು.

ಉಳಿದದ್ದು ಕೈಲಿದ್ದ ಇಂಜಿನ್ನಿಗೇ ಮರುದಹನದ ಭಾಗವನ್ನು ಮಾಡಿ ಜೋಡಿಸುವ ದಾರಿ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಅದನ್ನು ಮಾಡಿತು, ನೂಕುಬಲವೂ ಹೆಚ್ಚಿತು. ಆದರೆ ಅದನ್ನು ಕೂರಿಸಲು ವಿಮಾನದ ಹಿಂಭಾಗವನ್ನು ಅಗಲಿಸಬೇಕಾಯಿತು, ಅಗಲಿಸಿದ್ದರಿಂದ ಗಾಳಿಯ ಎಳೆತ ಹೆಚ್ಚಿತು, ಗಳಿಸಿದ ಬಲದಲ್ಲಿ ದೊಡ್ಡ ಪಾಲನ್ನು ಅದು ನುಂಗಿಹಾಕಿತು. 1970 ರ ಜನವರಿ 10 ರಂದು ಈ ಬಗೆಯ ವಿಮಾನ ಮೇಲೇಳುವಾಗಲೇ ಉರುಳಿತು. ಒಳಗಿದ್ದವರು ಸುರಂಜನ್ ದಾಸ್. ಹಳೆ ಮದ್ರಾಸು ರಸ್ತೆಯಿಂದ ಎಚ್.ಎ.ಎಲ್. ಕಡೆಗೆ ಹೋಗುವ ರಸ್ತೆಗೆ ಅವರ ಹೆಸರಿದೆ. ನಿತ್ಯ ಅದೇ ದಾರಿಯಲ್ಲಿ ಓಡಾಡುವ ನಮ್ಮ ಷಡ್ಡಕರಿಗೆ ಆ ಹೆಸರು ಯಾರದೆಂದು ಮೊನ್ನೆ ನಾವು ಹೇಳಬೇಕಾಯಿತು.

ಹಾಗೆಂದು ಮಾರುತ ಸೋತಿತೆನ್ನಲಾಗದು. ಒಟ್ಟು 147 ವಿಮಾನಗಳು ತಯಾರಾದವು. 1971 ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆ ತಗ್ಗಿನಲ್ಲಿ ಹಾರಿ ದಾಳಿ ನಡೆಸಿದವು. ನೆಲದಿಂದ ಗುಂಡು ತಗುಲಿ ಒಂದು ಇಂಜಿನ್ ನಿಂತರೂ ಇನ್ನೊಂದರ ಬಲದಲ್ಲೇ ನೆಲೆಗೆ ಮರಳಿದವುಂಟು. ಆಕಾಶದ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. 1990 ರ ಹೊತ್ತಿಗೆ ಎಲ್ಲವೂ ನಿವೃತ್ತವಾದವು. ಅಷ್ಟು ಕಾಲವೂ ಅವನ್ನು ಹೊತ್ತದ್ದು ಅದೇ 4,850 ಪೌಂಡಿನ ಇಂಜಿನ್.

ಎಲ್ಲ ಕೇಳಿದ ಮಿತ್ರರು, "ಕೈಗೆ ಸಿಕ್ಕಿದ ಇಂಜಿನ್ನಿನಲ್ಲೇ ಹಾರಿತಲ್ಲ ಮಾರಾಯ್ರೆ!" ಎಂದರು. ಹಾರಿತು ಎಂದು ಒಪ್ಪಿಕೊಂಡೆವು. ಶನಿವಾರ ಅವರು ಕುರ್ಲಾಕ್ಕೆ ಹೊರಟಿದ್ದಾರೆ. ಮೊದಲು ಜೀಪಿನ ಬಾನೆಟ್ಟೆತ್ತಿ ಅಳತೆ ತೆಗೆದುಕೊಂಡು ಹೋಗಿ ಎಂದಷ್ಟೇ ಹೇಳಿದೆವು.