ಬೇರಿಂಗ್ ಜಲಸಂಧಿ: ಶೋಧ, ದಾಖಲೆ ಮತ್ತು ಗಡಿರೇಖೆ

ಏಷ್ಯಾ ಖಂಡದ ಈಶಾನ್ಯದ ತುದಿಗೂ ಉತ್ತರ ಅಮೆರಿಕದ ವಾಯವ್ಯದ ತುದಿಗೂ ನಡುವೆ ಇರುವ ಬೇರಿಂಗ್ ಜಲಸಂಧಿಯು ಆರ್ಕ್ಟಿಕ್ ಸಾಗರವನ್ನು ಪೆಸಿಫಿಕ್ ಸಾಗರದೊಡನೆ ಕೂಡಿಸುತ್ತದೆ. ಅತ್ಯಂತ ಕಿರಿದಾದ ಎಡೆಯಲ್ಲಿ ಇದರ ಅಗಲ ಸುಮಾರು 85 ಕಿಲೋಮೀಟರ್. ಆಳವಾದರೋ ಬಹುಮಟ್ಟಿಗೆ 50 ಮೀಟರನ್ನು ಮೀರದು. ಹಿಮಯುಗದಲ್ಲಿ ಅಪಾರವಾದ ನೀರು ಹಿಮರಾಶಿಯಾಗಿ ನೆಲದ ಮೇಲೆ ನಿಂತು, ಸಮುದ್ರದ ಮಟ್ಟ ನೂರು ಮೀಟರಿಗೂ ಹೆಚ್ಚಾಗಿ ಇಳಿದಿದ್ದಾಗ ಇಲ್ಲಿ ಜಲಸಂಧಿಯೇ ಇರಲಿಲ್ಲ. ವಿಶಾಲವಾದ ಬಯಲೊಂದು ಎರಡು ಖಂಡಗಳನ್ನು ಬೆಸೆದಿತ್ತು. ಅಮೆರಿಕದ ಆದಿವಾಸಿಗಳ ಪೂರ್ವಿಕರು ಈ ಪ್ರದೇಶದ ಮೂಲಕವೇ ಆ ಖಂಡವನ್ನು ಸೇರಿದರೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಹೀಗೆ ಮಾನವನಿಗೆ ಬಹು ಹಿಂದೆಯೇ ಪರಿಚಿತವಾಗಿದ್ದ ಈ ಎಡೆಯು ಯೂರೋಪಿನ ಭೂಪಟವನ್ನು ಸೇರಿದ ಬಗೆ ವಿಚಾರಾರ್ಹವಾಗಿದೆ.

1648ರಲ್ಲಿ ಸೆಮ್ಯೋನ್ ದೆಜ್ನೆವ್ ಎಂಬ ಕಸಾಕನು ವ್ಯಾಪಾರಿಯಾದ ಫೆದೋತ್ ಅಲೆಕ್ಸೆಯೆವನೊಡನೆ ಸೈಬೀರಿಯದ ಕೊಲಿಮಾ ನದಿಯ ಮುಖದಿಂದ ಪೂರ್ವಾಭಿಮುಖವಾಗಿ ಹೊರಟನು. ವಾಲ್ರಸ್ ದಂತವೂ ತುಪ್ಪುಳು ಚರ್ಮವೂ ಅವರ ಲಕ್ಷ್ಯ. ದೋಣಿಗಳಲ್ಲಿ ಹೆಚ್ಚಿನವು ನಾಶವಾದವು. ದೆಜ್ನೆವನು ಏಷ್ಯಾದ ಕೊನೆಯ ಭೂಶಿರವನ್ನು ಬಳಸಿ, ಅನಾದಿರ್ ನದಿಗೆ ದಕ್ಷಿಣದಲ್ಲಿ ದಡ ಸೇರಿದನು. ಖಂಡಗಳೆರಡೂ ಕೂಡಿಲ್ಲವೆಂಬುದಕ್ಕೆ ಈ ಯಾನವೇ ಪ್ರತ್ಯಕ್ಷ ಪ್ರಮಾಣ. ಅವನು ವರದಿಯನ್ನೂ ಬರೆದು ಕಳುಹಿದನು. ಆದರೆ ಅದು ಯಾಕುತ್ಸ್ಕ್ ನಗರದ ದಫ್ತರದಲ್ಲಿ ಉಳಿದುಹೋಯಿತು. ಇತಿಹಾಸಕಾರನಾದ ಗೆರ್ಹಾರ್ಡ್ ಮ್ಯುಲರನು 1736ರಲ್ಲಿ ಅದನ್ನು ಕಂಡುಹಿಡಿಯುವ ಹೊತ್ತಿಗೆ ಎಂಬತ್ತೆಂಟು ವರ್ಷಗಳು ಕಳೆದಿದ್ದವು.

ಈ ನಡುವೆ ರಷ್ಯದ ಚಕ್ರವರ್ತಿ ಪೀಟರನು ತನ್ನ ಮರಣಕ್ಕೆ ಸ್ವಲ್ಪ ಮುಂಚೆ ಅದೇ ಪ್ರಶ್ನೆಯ ಉತ್ತರಕ್ಕಾಗಿ ಡೆನ್ಮಾರ್ಕಿನವನಾದ ವಿಟಸ್ ಬೇರಿಂಗನನ್ನು ನಿಯಮಿಸಿದ್ದನು. 1728ರ ಆಗಸ್ಟಿನಲ್ಲಿ ಬೇರಿಂಗನು ‘ಸೇಂಟ್ ಗೇಬ್ರಿಯಲ್’ ಹಡಗಿನಲ್ಲಿ ಜಲಸಂಧಿಯನ್ನು ಹಾದು 67 ಅಕ್ಷಾಂಶವನ್ನು ಮೀರಿ ಹೋದನು. ಆದರೆ ಮಂಜಿನ ದೆಸೆಯಿಂದ ಅಮೆರಿಕದ ದಡ ಅವನಿಗೆ ಕಾಣಲೇ ಇಲ್ಲ. ಅದೇ ಹಡಗಿನಲ್ಲಿ 1732ರಲ್ಲಿ ಹೋದ ಗ್ವೋಜ್ದೆವ್ ಮತ್ತು ಫ್ಯೋದೊರೊವ್ ಅದನ್ನು ಕಂಡರು. 1778ರಲ್ಲಿ ಇಂಗ್ಲೆಂಡಿನ ಜೇಮ್ಸ್ ಕುಕ್ಕನು ಎರಡೂ ದಡಗಳನ್ನು ಪಟದಲ್ಲಿ ಗುರುತಿಸಿ, ಜಲಸಂಧಿಗೆ ಬೇರಿಂಗನ ಹೆಸರನ್ನು ಸಲ್ಲಿಸಿದನು. ದೆಜ್ನೆವನ ಹೆಸರು ಏಷ್ಯಾದ ಭೂಶಿರಕ್ಕೆ ದೊರೆತದ್ದು 1898ರಲ್ಲಿ.

ಇವರೆಲ್ಲರಿಗಿಂತ ಮೊದಲೇ ಈ ನೀರನ್ನು ಬಲ್ಲವರು ಜಲಸಂಧಿಯ ನಡುವಣ ಡಯೊಮೀಡ್ ದ್ವೀಪಗಳ ಜನ. ಎರಡು ದ್ವೀಪಗಳ ಅಂತರ ನಾಲ್ಕು ಕಿಲೋಮೀಟರಿಗಿಂತ ಕಡಿಮೆ. ಬಂಧುತ್ವವೂ ವಿನಿಮಯವೂ ಅವುಗಳ ನಡುವೆ ನಡೆದುಬಂದಿದ್ದವು. 1867ರಲ್ಲಿ ರಷ್ಯವು ಅಲಾಸ್ಕವನ್ನು ಅಮೆರಿಕಕ್ಕೆ 72 ಲಕ್ಷ ಡಾಲರಿಗೆ ಮಾರಿದಾಗ ಗಡಿರೇಖೆ ಇವೆರಡರ ಮಧ್ಯೆ ಹಾದುಹೋಯಿತು. ಶೀತಲ ಸಮರದ ಆರಂಭದಲ್ಲಿ, 1948ರಲ್ಲಿ, ಆ ಗಡಿಯು ಮುಚ್ಚಿತು. ದೊಡ್ಡ ಡಯೊಮೀಡಿನ ನಿವಾಸಿಗಳನ್ನು ಸೈಬೀರಿಯದ ಮುಖ್ಯಭೂಮಿಗೆ ಸಾಗಿಸಲಾಯಿತು.

ದೆಜ್ನೆವನ ಬರಹವನ್ನು ಓದುವವರಿಲ್ಲದೆ ಅವನ ಶೋಧ ಮರೆಯಾಯಿತು. ದ್ವೀಪವಾಸಿಗಳ ಅರಿವು ಭೂಪಟಕ್ಕೆ ಬಾರದೆ ಹೋಯಿತು. ಆದರೆ ಭೂಪಟದ ಗೆರೆ ಮಾತ್ರ ಅವರ ಬಾಳನ್ನು ಎರಡಾಗಿ ಸೀಳಿತು. ಭೂಪಟಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವವರು ಈ ಎರಡು ನಷ್ಟಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.