ಕೈಗೆ ಸಿಗುವ ಕೆಂಪು ಗುಂಡಿ

ನಮ್ಮ ಚಿಕ್ಕಪ್ಪನ ಎಡಗೈಯಲ್ಲಿ ಒಂದೂವರೆ ಬೆರಳು ಕಮ್ಮಿ. ಊರಲ್ಲಿ ಬಾಗಿಲು, ಕಿಟಕಿ ಮಾಡೋ ಕೆಲಸ ಅವರದು. ನಾನು ಬಿಇ ಓದುತ್ತಿದ್ದಾಗ ಒಂದಿನ ಮರ ಕೊಯ್ಯುತ್ತಿರುವಾಗಲೇ ಕರೆಂಟ್ ಹೋಯ್ತು. ಗರಗಸದ ಸ್ವಿಚ್ ಇದ್ದದ್ದು ಹಿಂದಿನ ಗೋಡೆಯಲ್ಲಿ. ಅಲ್ಲಿತನಕ ಹೋಗಿ ಆರಿಸೋದ್ಯಾರು? ಬ್ಲೇಡ್ ನಿಂತಿದೆಯಲ್ಲ ಅಂತ ಸಿಕ್ಕಿಕೊಂಡಿದ್ದ ಚಕ್ಕೆ ತೆಗೆಯೋಕೆ ಕೈ ಹಾಕಿದರು. ಅದೇ ಹೊತ್ತಿಗೆ ಕರೆಂಟ್ ಬಂತು.

"ನನ್ನ ಹಣೆಬರಹ ಬಿಡೋ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಇದರ ಇತಿಹಾಸ ಓದಿದ ಮೇಲೆ ಗೊತ್ತಾಯ್ತು, ಈ ಹಣೆಬರಹ ತಿದ್ದೋ ಉಪಾಯ ಚಿಕ್ಕಪ್ಪ ಹುಟ್ಟೋಕೆ ಎಷ್ಟೋ ಮುಂಚೆಯೇ ಇತ್ತು ಅಂತ.

ಹತ್ತೊಂಬತ್ತನೇ ಶತಮಾನದ ಗಿರಣಿಗಳಲ್ಲಿ ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರ್ ಇರಲಿಲ್ಲ. ಇಡೀ ಕಟ್ಟಡಕ್ಕೆ ಒಂದು ಸ್ಟೀಮ್ ಇಂಜಿನ್, ಸೂರಿನ ಕೆಳಗೆ ಉದ್ದಕ್ಕೂ ತಿರುಗುವ ಶಾಫ್ಟ್, ಅದರಿಂದ ಯಂತ್ರಗಳಿಗೆ ಇಳಿಬಿಟ್ಟ ಚರ್ಮದ ಬೆಲ್ಟು. ಯಂತ್ರ ನಿಲ್ಲಿಸಬೇಕಾದರೆ ಬೆಲ್ಟನ್ನು ಪಕ್ಕದಲ್ಲಿ ಸುಮ್ಮನೆ ಸುತ್ತುವ ಪುಲ್ಲಿಗೆ ಸರಿಸಬೇಕು. ಆದರೆ ಬಟ್ಟೆಯೋ ಕೂದಲೋ ಶಾಫ್ಟಿಗೇ ಸಿಕ್ಕಿಕೊಂಡರೆ? ಇಂಜಿನ್ ಇದ್ದದ್ದು ಬೇರೆ ಕಡೆ. ಸಿಕ್ಕಿಕೊಂಡವರ ಕೈಗೆ ಅದು ಎಟುಕುತ್ತಿರಲಿಲ್ಲ.

1844ರ ಬ್ರಿಟಿಷ್ ಕಾನೂನು ಅಪಾಯದ ಯಂತ್ರಭಾಗಗಳಿಗೆ ತಡೆ ಕಟ್ಟಿ ಅಂದಿತು. ಭಾರತದ 1881ರ ಮೊದಲ ಫ್ಯಾಕ್ಟರಿ ಕಾಯ್ದೆಯಲ್ಲೂ ಅದೇ ಮಾತು ಬಂತು. ಆದರೆ ಬೇಲಿ ಹಾಕೋದು ಬೇರೆ, ನಿಲ್ಲಿಸೋದು ಬೇರೆ. ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 24ನೇ ಕಲಮು ಇದನ್ನು ನೇರವಾಗಿ ಹೇಳಿತ್ತು: ಯಂತ್ರ ಓಡುವ ಪ್ರತಿ ಕೆಲಸದ ಕೋಣೆಯಲ್ಲೂ ತುರ್ತಿನಲ್ಲಿ ಪವರ್ ಕಡಿಯುವ ಸಾಧನ ಇರಬೇಕು. ಚಿಕ್ಕಪ್ಪನ ಶೆಡ್ಡಿಗೆ ಈ ಕಾನೂನು ತಲುಪಲಿಲ್ಲ. ಆ ಕಾಯ್ದೆಯ ಲೆಕ್ಕದಲ್ಲಿ ಪವರ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ ಆಗುತ್ತಿತ್ತು. ಇಲ್ಲಿದ್ದದ್ದು ಚಿಕ್ಕಪ್ಪ, ಜೊತೆಗೊಬ್ಬ ಹುಡುಗ.

ಇನ್ನೊಂದು ಪಾಠ ರೈಲಿನಿಂದ ಬಂತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಬ್ರೇಕಿನಲ್ಲಿ ಗಾಳಿ ಒತ್ತಿದರೆ ಬ್ರೇಕ್ ಹಿಡಿಯುತ್ತಿತ್ತು. ಪೈಪ್ ಒಡೆದರೆ ಬ್ರೇಕೇ ಇಲ್ಲ! 1872ರಲ್ಲಿ ಅವನು ಲೆಕ್ಕವನ್ನೇ ತಿರುಗಿಸಿದ. ಪೈಪಿನಲ್ಲಿ ಗಾಳಿಯ ಒತ್ತಡ ಇರುವಷ್ಟು ಹೊತ್ತು ಮಾತ್ರ ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಹೋದರೆ ತಾನಾಗಿ ಹಿಡಿಯುತ್ತದೆ. ನಮ್ಮ ರೈಲಿನಲ್ಲಿ ಚೈನ್ ಎಳೆದಾಗ ಆಗೋದೂ ಇದೇ, ಪೈಪಿನ ಗಾಳಿ ಹೊರಹೋಗುತ್ತದೆ. ಅಂದರೆ ಏನೇ ಕೆಟ್ಟರೂ ಓಡಬಾರದು, ನಿಲ್ಲಬೇಕು.

ಪಂಪ್‌ಸೆಟ್ ಸ್ಟಾರ್ಟರ್ ಒಳಗಿನ ಕಾಯಿಲ್‌ನಲ್ಲೂ ಇದೇ ತತ್ವ. ಕರೆಂಟ್ ಇದ್ದಾಗ ಕಾಯಿಲ್ ಕಾಂಟ್ಯಾಕ್ಟನ್ನು ಹಿಡಿದಿರುತ್ತದೆ, ಹೋದರೆ ಕೈಬಿಡುತ್ತದೆ. ಕರೆಂಟ್ ಮತ್ತೆ ಬಂದರೂ ಹಸಿರು ಗುಂಡಿ ಒತ್ತದೆ ಮೋಟಾರ್ ತಿರುಗಲ್ಲ. ತೋಟದ ಮೋಟಾರಿಗೆ ಇದ್ದ ಈ ಭಾಗ್ಯ ಗರಗಸಕ್ಕೆ ಇರಲಿಲ್ಲ, ಅದಕ್ಕಿದ್ದದ್ದು ಬರೀ ಸ್ವಿಚ್ಚು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಎಲೆಕ್ಟ್ರಿಷಿಯನ್ನನ್ನು ಕರೆಸಿ ಗರಗಸಕ್ಕೆ ಸ್ಟಾರ್ಟರ್ ಹಾಕಿಸಿದೆ. ಅದರ ಕಾಯಿಲ್ ವೈರಿನಲ್ಲೇ, ಮೇಜಿನ ಮುಂದೆ ಮೊಣಕಾಲಿನ ಎತ್ತರಕ್ಕೆ, ಹಳದಿ ಪೆಟ್ಟಿಗೆಯ ಮೇಲೆ ಅಣಬೆ ತಲೆಯಂಥ ಕೆಂಪು ಗುಂಡಿ. ಒತ್ತಿದರೆ ಒಳಗೇ ಕೂರುತ್ತದೆ, ತಿರುಗಿಸಿ ಬಿಡಿಸಬೇಕು. ಬಿಡಿಸಿದ ಮಾತ್ರಕ್ಕೆ ಗರಗಸ ಶುರುವಾಗಲ್ಲ. ಗುಂಡಿಯ ವೈರ್ ಕಿತ್ತುಬಂದರೂ ಗರಗಸ ನಿಲ್ಲುತ್ತದೆ. ಒಂದು ಎಚ್ಚರ: ಗುಂಡಿ ಪವರ್ ಕಡಿಯುತ್ತೆ ಅಷ್ಟೆ, ಬ್ಲೇಡ್ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ.

ಆಫೀಸಿನಲ್ಲಿ ನಾವು ಬರೆದ ಕೋಡ್ ಕೈಕೊಟ್ಟರೆ ಹಿಂದಿನ ವರ್ಷನ್‌ಗೆ ಮರಳುತ್ತೇವೆ. ಬೆರಳಿಗೆ ಹಿಂದಿನ ವರ್ಷನ್ ಇಲ್ಲ.

ಚಿಕ್ಕಪ್ಪ ಎರಡು ಕೈಯಲ್ಲೂ ಹಲಗೆ ಹಿಡಿದು, ಮೊಣಕಾಲಲ್ಲಿ ಗುಂಡಿ ಒತ್ತಿ ನೋಡಿದರು. ಗರಗಸದ ಸದ್ದು ಇಳಿಯುತ್ತಾ ಹೋಯ್ತು. ಪೂರ್ತಿ ನಿಂತ ಮೇಲೆ ಕೇಳಿದರು: "ಇದಕ್ಕೆಷ್ಟಾಯ್ತೋ?"

ಹೇಳಿದೆ. ಅವರು ಎಡಗೈ ನೋಡಿಕೊಂಡು ಸುಮ್ಮನಾದರು.