ಭೇರುಂಡಕ್ಕೆ ಹೆದರಬೇಕಾದವರು ಯಾರು?

ಯಲಹಂಕದ ಹಳೆಯ ಬೀದಿಯ ಮನೆಗೊಂದು ಸರ್ಕಾರಿ ನೋಟಿಸು ಬಂದರೆ ಹಿರಿಯರು ಮೊದಲು ನೋಡುವುದು ಒಕ್ಕಣೆಯನ್ನಲ್ಲ, ತಲೆಬರಹದ ಲಾಂಛನವನ್ನು. ಎರಡು ತಲೆಯ ಹಕ್ಕಿ ಕಂಡರೆ ಎದೆಯಲ್ಲಿ ಸಣ್ಣ ಅಳುಕು. ಸ್ವಾರಸ್ಯವೆಂದರೆ, ಆ ಗಂಡಭೇರುಂಡದ ಹೆಸರಿನಲ್ಲೇ ಭಯ ಅಡಗಿದೆ.

'ಭೇರುಂಡ' ಎಂಬ ಪದಕ್ಕೆ ಸಂಸ್ಕೃತ ನಿಘಂಟುಗಳು ಕೊಡುವ ಅರ್ಥ 'ಭಯಾನಕ'. ಇಂಗ್ಲಿಷಿನಲ್ಲಿ ಇದಕ್ಕೆ ಸರಿಹೊಂದುವ ಮಾತು 'ಫಾರ್ಮಿಡಬಲ್'. ಇದರ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೂ ಹೆದರುವುದೆಂದೇ ಅರ್ಥ. ಆದರೆ ಇಂದು ವಕೀಲರೊಬ್ಬರನ್ನು 'ಫಾರ್ಮಿಡಬಲ್' ಎಂದರೆ ಅವರು ಕ್ರೂರಿ ಎಂದಲ್ಲ. ಅವರನ್ನು ಎದುರಿಸುವುದು ಸುಲಭವಲ್ಲ ಎಂದು. ಭಯದೊಂದಿಗೆ ಗೌರವವೂ ಸೇರಿಕೊಂಡಿತು. ಫ್ರೆಂಚರಂತೂ ಅದೇ ಪದವನ್ನು 'ಅಮೋಘ' ಎನ್ನಲು ಬಳಸುತ್ತಾರೆ. ನಾವೇನು ಕಡಿಮೆ? 'ಹುಡುಗ ಭಯಂಕರ ಬುದ್ಧಿವಂತ' ಎಂದು ಹೊಗಳುತ್ತೇವಲ್ಲ!

ಭೇರುಂಡನ ಕತೆಯೂ ಹೀಗೆಯೇ. ಹಳಗನ್ನಡದಲ್ಲಿ 'ಗಂಡ' ಎಂದರೆ ಶೂರ. ಚಾಲುಕ್ಯರ ಕೈಕೆಳಗೆ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯನಿಗೆ 'ಗಂಡಭೇರುಂಡ' ಎಂಬ ಬಿರುದಿತ್ತು. (ಈತ ಶ್ರವಣಬೆಳಗೊಳದ ಚಾವುಂಡರಾಯನಲ್ಲ.) 1047ರಲ್ಲಿ ಈತ ಬಳ್ಳಿಗಾವೆಯಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭ ಇಂದಿಗೂ ಇದೆ. ಅಲ್ಲಿ ಭೇರುಂಡನದು ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ಮುಂದೆ ವಿಜಯನಗರದ ಅಚ್ಯುತರಾಯನ (1529–1542) ನಾಣ್ಯಗಳಲ್ಲಿ ಈ ಹಕ್ಕಿ ಆನೆಗಳನ್ನೇ ಹಿಡಿದೆತ್ತಿತು. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ್ದು ಇದೇ ಅರಸನ ಆಳ್ವಿಕೆಯಲ್ಲಿ. ಆ ನಾಣ್ಯ ಯಲಹಂಕದ ಸಂತೆಯಲ್ಲೂ ಕೈಯಿಂದ ಕೈಗೆ ಓಡಾಡಿದ್ದರೆ ಆಶ್ಚರ್ಯವಿಲ್ಲ. ನಂತರ ಮೈಸೂರು ಒಡೆಯರ ಲಾಂಛನದಲ್ಲಿ ನೆಲೆಸಿದ ಭೇರುಂಡ, ಅಲ್ಲಿಂದ ಕರ್ನಾಟಕ ಸರ್ಕಾರದ ಲಾಂಛನಕ್ಕೆ ಬಂತು. ಅದರ ಎರಡೂ ಬದಿಗೆ ಗಜಕೇಸರಿಗಳು, ಮೇಲೆ ಅಶೋಕನ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ'.

ಅರಸರ ಕಾಲದಲ್ಲಿ ಈ ಬಿರುದು ಹೆದರಿಸಬೇಕಾಗಿದ್ದು ಹಗೆಗಳನ್ನು, ಒಕ್ಕಲನ್ನಲ್ಲ. ತನ್ನವರಿಗೆ ಅದು ಅಭಯವೇ. ಈಗ ಅರಸರೂ ಇಲ್ಲ, ದಂಡೆತ್ತಿ ಬರುವ ಹಗೆಗಳೂ ಇಲ್ಲ. ಆದರೂ ಅರ್ಜಿ ಹಿಡಿದು ಕಿಟಕಿಯ ಮುಂದೆ ನಿಂತ ಮುದುಕಿ ಆ ಹಕ್ಕಿಯನ್ನು ಕಂಡು ಸೆರಗು ಸರಿಪಡಿಸಿಕೊಂಡು, ದನಿ ತಗ್ಗಿಸುತ್ತಾಳೆ.

ಇಂಗ್ಲಿಷಿನ ಪದ ಭಯದಿಂದ ಗೌರವದ ಕಡೆಗೆ ನಡೆದು ಬಂದಿದೆ. ನಮ್ಮ ಭೇರುಂಡನೂ ಆ ದಾರಿ ಹಿಡಿಯಬೇಕಾದರೆ ನಿಘಂಟು ತಿದ್ದಿದರೆ ಸಾಲದು. ಕಿಟಕಿಯ ಆಚೆ ಕುಳಿತವರು ತಲೆಯೆತ್ತಿ 'ಬನ್ನಿ ಅಜ್ಜಿ, ಏನಾಗಬೇಕಿತ್ತು?' ಎನ್ನಬೇಕು.